ಹೋಟೆಲ್ ಹುಡುಗರಿಗೆ ಆನ್‌ಲೈನ್ ಪಾಠ: ನೆಟ್ ಇಲ್ಲದೆ ಹೇಗೆ?

ಘಾಟ್ಕೋಪರ್ ಮೇಷ್ಟ್ರು: ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಎಷ್ಟೋ ಹೋಟೆಲ್ ಹುಡುಗರು ಮುಂದೆ ಬಂದರು. ಈಗಿನವರಿಗೂ ಅಂಥ ಜಾಗ ಬೇಕು. ಸಂಘದ ಹಾಲ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು ಕೋಲಿಬ್ರಿ ಹಾಕೋಣ. ಪುಕ್ಕಟೆ ಸಾಫ್ಟ್‌ವೇರ್. ಪಾಠಗಳನ್ನು ಒಮ್ಮೆ ಇಳಿಸಿಕೊಂಡರೆ ಸಾಕು. ಆಮೇಲೆ ಹಾಲ್‌ನ ವೈಫೈ ಹಿಡಿದ ಫೋನ್‌ಗಳಲ್ಲೆಲ್ಲ ನೆಟ್ ಇಲ್ಲದೆ ತೆರೆಯುತ್ತವೆ.

ಡೊಂಬಿವಲಿ ಶೆಟ್ಟಿ: ಮುಂಬೈಯಲ್ಲಿ ಯಾರಿಗೆ ನೆಟ್ ಇಲ್ಲ ಮೇಷ್ಟ್ರೇ? ಯೂಟ್ಯೂಬ್‌ನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಲಿ.

ಠಾಣೆ ಸವಿತಾ: ಡೌನ್‌ಲೋಡ್ ಮಾಡಿದರೆ ನಮ್ಮದಾಯಿತಾ? ದುಡ್ಡು ಕೊಟ್ಟು ಪ್ರೀಮಿಯಂ ತೊಗೊಂಡರೂ 29 ದಿನದೊಳಗೆ ಒಮ್ಮೆ ನೆಟ್‌ಗೆ ಬರಲೇಬೇಕು. ನಮ್ಮ ಆಫೀಸ್ ಕೆಳಗಿನ ಕ್ಯಾಂಟೀನ್ ಹುಡುಗ ಊರಿಗೆ ಹಣ ಕಳಿಸಿ ಉಳಿದರೆ ಮಾತ್ರ ರೀಚಾರ್ಜ್ ಮಾಡಿಸುತ್ತಾನೆ. ಪೆನ್‌ಡ್ರೈವ್‌ಗೆ ತುಂಬಿಸಿ ಕೊಡಿ, ರೂಮಿನ ಟಿವಿಗೆ ಹಾಕಿ ನೋಡಲಿ.

ಸಯನ್ ಪೂಜಾರಿ: ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ.

ಶೆಟ್ಟಿ: ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಎರಡು ನಿಮಿಷದ ಕೆಲಸ.

ಪೂಜಾರಿ: ಹಳೇ ಟಿವಿ ಎಷ್ಟೋ ಅದನ್ನು ಓದುವುದಿಲ್ಲ. ನಮ್ಮ ರೂಮಿನದೂ ಓದಲ್ಲ.

ಸವಿತಾ: ಅರ್ಧ ಗಂಟೆಯ ಪಾಠಕ್ಕೆ 4 ಜಿಬಿ ಎಲ್ಲಿಂದ ಬರುತ್ತೆ ಅಣ್ಣಾ?

ಪೂಜಾರಿ: ಪಾಠಗಳನ್ನೆಲ್ಲ ಒಂದೇ ಜಿಪ್ ಮಾಡಿ ಕೊಡುವವರಿದ್ದಾರೆ. ಕೈಯಾರೆ ಕಾಪಿ ಮಾಡಿ ನೋಡಿ, ಆಮೇಲೆ ಮಾತಾಡಿ!

ಸವಿತಾ: ಜಿಪ್ ಬಿಚ್ಚಿ ಹಾಕಿ. ಇದೂ ಒಂದು ತೊಂದರೆಯಾ?

ಮೇಷ್ಟ್ರು: ಪೆನ್‌ಡ್ರೈವ್ ವಿಷಯ ಬಿಡ್ತೀರಾ! ಸುಮ್ನೆ ಟಿವಿ ನೋಡಿದರೆ ಕಲಿತಂತಲ್ಲ. ಹುಡುಗ ಲೆಕ್ಕ ಮಾಡಬೇಕು, ತಪ್ಪಾದರೆ ಅಲ್ಲೇ ಗೊತ್ತಾಗಬೇಕು. ಕೋಲಿಬ್ರಿಯಲ್ಲಿ ಅಭ್ಯಾಸದ ಲೆಕ್ಕಗಳಿವೆ. ಯಾರು ಎಲ್ಲಿ ಎಡವಿದರು ಅಂತ ಕಲಿಸುವವರಿಗೂ ಕಾಣುತ್ತದೆ.

ಶೆಟ್ಟಿ: ಟಿವಿ ಅಂದರೆ ಸಸಾರ ಬೇಡ. ಕೇಂದ್ರ ಸರ್ಕಾರದ ಪಾಠದ ಟಿವಿ ಸ್ವಯಂ ಪ್ರಭಾ 2017ರಲ್ಲೇ 32 ಚಾನೆಲ್‌ಗಳಿಂದ ಶುರುವಾಯಿತು. ಡಿಶ್ ಇದ್ದರೆ ಸಾಕು. ದಿನಕ್ಕೆ 4 ಗಂಟೆ ಹೊಸ ಪಾಠ, ಅದನ್ನೇ ಮತ್ತೆ 5 ಸಲ ಹಾಕುತ್ತಾರೆ.

ಸವಿತಾ: ಎಂಟು ಜನರ ರೂಮಿನಲ್ಲಿ ರಿಮೋಟ್ ಯಾರ ಕೈಯಲ್ಲಿರುತ್ತೆ? ಕ್ರಿಕೆಟ್ ನಿಲ್ಲಿಸಿ ಪಾಠ ಹಾಕಲು ಹೊಸ ಹುಡುಗನಿಗೆ ಧೈರ್ಯ ಬರುತ್ತಾ?

ಪೂಜಾರಿ: ಪಾಠ ನೋಡಿದರೆ ಸರ್ಟಿಫಿಕೇಟ್ ಬರುತ್ತಾ? ಸರ್ಕಾರದ್ದೇ ಆನ್‌ಲೈನ್ ತಾಣ ಸ್ವಯಂನ ಕೋರ್ಸ್‌ನಲ್ಲಿ ಅಸೈನ್‌ಮೆಂಟ್ ಆನ್‌ಲೈನ್‌ನಲ್ಲೇ ಕಳಿಸಬೇಕು.

ಮೇಷ್ಟ್ರು: ಕಳಿಸುವ ದಿನ ಹಾಲ್‌ಗೆ ಬರಲಿ, ನನ್ನ ಫೋನ್‌ನ ಹಾಟ್‌ಸ್ಪಾಟ್ ಕೊಡುತ್ತೇನೆ. ಭಾನುವಾರದ ಮೀಟಿಂಗ್‌ನಲ್ಲಿ ಪೈ ಖರೀದಿಯ ಮಾತು ಎತ್ತುತ್ತೇನೆ.

ಶೆಟ್ಟಿ: ಹಾಟ್‌ಸ್ಪಾಟ್ ಅಂದರೆ ನೆಟ್ಟೇ ಅಲ್ವಾ? ಅದನ್ನೇ ನಾನು ಹೇಳಿದ್ದು.

ಸವಿತಾ: ಕಳಿಸುವಾಗ ಬೇಕು, ದಿನಾ ಓದಲಿಕ್ಕೆ ಬೇಡ ಶೆಟ್ರೇ. ಮೇಷ್ಟ್ರೇ, ಪೈ ಜೊತೆ ನಾಲ್ಕು ಪೆನ್‌ಡ್ರೈವ್ ಕೂಡ ಬರೆದುಕೊಳ್ಳಿ.