ಟಿಪ್ಪುವಿನ ಹುಲಿ ಶ್ರೀರಂಗಪಟ್ಟಣಕ್ಕೆ ಯಾಕೆ ವಾಪಸ್ ಬರುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಪುರಾತನ ವಸ್ತುಗಳ ಕೇಸು ನೋಡುವ ವಕೀಲರು, ಅದಕ್ಕೇ ಕೇಳುತ್ತಿದ್ದೇನೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ನೋಡಿದೆ. ಆಸ್ಟ್ರೇಲಿಯಾದವರು ತಮಿಳುನಾಡಿನ ನಟರಾಜನನ್ನು ವಾಪಸ್ ಕೊಟ್ಟರಲ್ಲ, ಇವರೇಕೆ ಕೊಡಲ್ಲ? ಕೋರ್ಟಿಗೆ ಹೋಗಬಹುದಲ್ವಾ?

ಉತ್ತರ: ಹೋಗಬಹುದು ಸರ್, ಗೆಲ್ಲುವುದು ತುಂಬಾ ಕಷ್ಟ. ಶ್ರೀಪುರಂಧನ್ ದೇವಸ್ಥಾನದ ಆ ನಟರಾಜ ಕಳುವಾದದ್ದು 2006ರಲ್ಲಿ. ಅಷ್ಟೊತ್ತಿಗೆ ಪುರಾತನ ವಸ್ತುಗಳ ಬಗ್ಗೆ ನಮ್ಮ 1972ರ ಕಾಯ್ದೆ ಇತ್ತು. ಅಂಥ ಮೂರ್ತಿಯನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತೆಯೇ ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ದೇವಸ್ಥಾನದಲ್ಲೇ ತೆಗೆದಿಟ್ಟಿದ್ದ ಫೋಟೋಗೆ ಗ್ಯಾಲರಿಯ ಮೂರ್ತಿ ತಾಳೆಯಾಯಿತು. 2014ರಲ್ಲಿ ವಾಪಸ್ ಬಂತು.

ಹುಲಿಯದು ಬೇರೆ ಕಥೆ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಕಂಪನಿ ಸೈನ್ಯ ಅರಮನೆ ದೋಚಿತು. ಆಗ ಹೋದದ್ದು ಇದು, ಬಿಳಿಯನೊಬ್ಬನ ಮೇಲೆರಗಿದ ಹುಲಿಯ ಯಂತ್ರದ ಬೊಂಬೆ. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದ ಬಿಳಿಯನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಗೆದ್ದವರು ಅದನ್ನು ಬಿಡುತ್ತಾರೆಯೇ? ಯುದ್ಧದ ಲೂಟಿಯನ್ನು ಅಂದಿನ ಅವರ ಕಾನೂನು ತಪ್ಪೆನ್ನಲಿಲ್ಲ. ಪುರಾತನ ವಸ್ತುಗಳ ಅಕ್ರಮ ಸಾಗಾಟ ತಡೆಯುವ 1970ರ ಯುನೆಸ್ಕೋ ಒಪ್ಪಂದ ಅಷ್ಟು ಹಳೆಯದಕ್ಕೆ ಅನ್ವಯಿಸಲ್ಲ. ಮೇಲಾಗಿ ಬ್ರಿಟನ್ನಿನ 1983ರ ಕಾನೂನು ಆ ಮ್ಯೂಸಿಯಂನ ಕೈ ಕಟ್ಟಿದೆ. ಕೊಡಬೇಕು ಅಂತ ಅವರಿಗೇ ಅನಿಸಿದರೂ ಪಾರ್ಲಿಮೆಂಟು ಕಾನೂನು ಬದಲಿಸಬೇಕು.

ಇನ್ನೊಬ್ಬರ ಪ್ರಶ್ನೆ: ಒಂದು ವೇಳೆ ಬಂದರೆ ಯಾರಿಗೆ ಸೇರಬೇಕು ಮೇಡಂ? ವಂಶಸ್ಥರು ಕೋಲ್ಕತ್ತಾದಲ್ಲಿದ್ದಾರೆ.

ಉತ್ತರ: ಅವರನ್ನು ಕೇಳಲೇಬೇಕು. ಆದರೆ ಮನೆತನದ ಆಸ್ತಿ ಅಂತ ಹಂಚುವ ವಸ್ತು ಇದಲ್ಲ, ಒಂದು ನಾಡಿನ ಚರಿತ್ರೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಈಗಾಗಲೇ ಮ್ಯೂಸಿಯಂ ಇದೆ, ಅಲ್ಲೇ ಇರಲಿ ಅನ್ನುತ್ತೇನೆ. ಸದ್ಯಕ್ಕೆ ತೆರೆದಿರುವ ಬಾಗಿಲು ಒಂದೇ: ಕಡ ಪಡೆಯುವುದು. ಇದೇ ಮ್ಯೂಸಿಯಂ ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ 2024ರಲ್ಲಿ ಅಸಾಂಟೆ ಅರಸರ 32 ವಸ್ತುಗಳನ್ನು ಘಾನಾದ ಕುಮಾಸಿಗೆ 3 ವರ್ಷದ ಮಟ್ಟಿಗೆ ಕಡ ಕೊಟ್ಟವು. ದೋಚಿದವರ ಹತ್ತಿರ ಕಡ ಕೇಳುವುದು ಹೊಟ್ಟೆ ಉರಿಸುವ ಮಾತು, ನಿಜ. ಆದರೂ ಮಂಡ್ಯ, ಮೈಸೂರಿನ ಮಕ್ಕಳು ಅದನ್ನು ಕಣ್ಣಾರೆ ನೋಡಲಿ ಅಂತ ನನಗೆ ಆಸೆ.

ಇನ್ನೊಂದು ಮಾತು. ನಿಮ್ಮೂರ ದೇವಸ್ಥಾನದ ಪಂಚಲೋಹದ ಉತ್ಸವಮೂರ್ತಿಯ ಫೋಟೋ ಇದೆಯಾ? ಅಲಂಕಾರ ತೆಗೆದ ಹೊತ್ತಲ್ಲಿ ಅರ್ಚಕರನ್ನು ಕೇಳಿ ಮುಂದೆ, ಹಿಂದೆ, ಪೀಠ, ಮುಕ್ಕಾದ ಜಾಗ, ಎಲ್ಲದರ ಫೋಟೋ ತೆಗೆಸಿ. ಎತ್ತರ ಬರೆದಿಡಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.