ಸಹಾಯ ಬೇಕು: ಹಿರಿಯರೊಂದಿಗೆ ಥೇಮ್ಸ್ ನದಿಯಲ್ಲಿ ದೋಣಿ ವಿಹಾರ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಧಾರವಾಡದಿಂದ ಲಂಡನ್‌ಗೆ ಬರಲಿರುವ ನನ್ನ ತಂದೆ-ತಾಯಿಯವರನ್ನು ಥೇಮ್ಸ್ ನದಿಯಲ್ಲಿ ಕಿರು ದೋಣಿ ವಿಹಾರಕ್ಕೆ ಕರೆದೊಯ್ಯಬೇಕೆಂದಿದ್ದು, ಬಲ್ಲವರ ಸಲಹೆ ಕೋರುತ್ತಿದ್ದೇನೆ.

ವೆಸ್ಟ್‌ಮಿನ್‌ಸ್ಟರ್ ಜೆಟ್ಟಿಯಿಂದ ಗ್ರೀನಿಚ್‌ನತ್ತ ಹೋಗುವ ದೋಣಿಗಳಿಂದ ಸೇಂಟ್ ಪಾಲ್ಸ್ ಗುಮ್ಮಟ ಮತ್ತು 1894ರಲ್ಲಿ ತೆರೆದ ಟವರ್ ಬ್ರಿಡ್ಜ್ ಕಾಣುತ್ತವೆ. ಆದರೆ ತಂದೆಯವರು ಎಲ್ಲಕ್ಕಿಂತ ಮೊದಲು ನೋಡಬೇಕೆಂದಿರುವುದು 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು. ಅದು ಲ್ಯಾಂಬೆತ್ ಸೇತುವೆಯ ಸಮೀಪ, ಅಂದರೆ ಈ ದೋಣಿಗಳು ಸಾಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಮಿಲ್‌ಬ್ಯಾಂಕ್ ಕಡೆಗೆ ಹೋಗುವ ರಿವರ್ ಬಸ್ಸಿನಲ್ಲಿ (ನದಿಯ ಸಾರಿಗೆ ದೋಣಿಯಲ್ಲಿ) ಕುಳಿತರೆ ಪ್ರತಿಮೆ ಸ್ಪಷ್ಟವಾಗಿ ಕಾಣುತ್ತದೆಯೇ, ಅಥವಾ ಇಳಿದು ಸೇತುವೆ ದಾಟಿ ಹತ್ತಿರದಿಂದಲೇ ದರ್ಶನ ಮಾಡಿಸುವುದು ಒಳ್ಳೆಯದೇ? ನನಗಂತೂ ಎರಡನೆಯದೇ ಸರಿಯೆನಿಸುತ್ತಿದೆ.

ಹೆಚ್ಚಿನ ಚಿಂತೆ ತಾಯಿಯವರ ಮಂಡಿನೋವಿನದು. ನಗರದೊಳಗೂ ಥೇಮ್ಸ್‌ಗೆ ಸಮುದ್ರದ ಉಬ್ಬರವಿಳಿತವಿದ್ದು, ಇಳಿತದ ವೇಳೆ ನೀರು ಹಲವು ಮೀಟರ್ ತಗ್ಗುವುದರಿಂದ, ತೇಲುವ ಜೆಟ್ಟಿಗೆ ಇಳಿಯುವ ಹಾದಿ ಕಡಿದಾಗುತ್ತದೆ. ಉಬ್ಬರದ ಸಮಯ ನೋಡಿಕೊಂಡು ಹೊರಟರೆ ಅವರಿಗೆ ಅನುಕೂಲವಾದೀತೇ, ಕೈಹಿಡಿದು ಹತ್ತಿಸಲು ಸಿಬ್ಬಂದಿ ನೆರವಾಗುತ್ತಾರೆಯೇ ಎಂಬುದನ್ನು, ಹಿರಿಯರನ್ನು ಕರೆದೊಯ್ದ ಅನುಭವವುಳ್ಳವರು ದಯವಿಟ್ಟು ತಿಳಿಸಿ.