ಹೊಂಡದ ಗೆಂಡೆ ಮೀನು ಕಾಲು ಕೆಜಿಗೇ ಮೊಟ್ಟೆಗೆ ಬರುತ್ತಿದೆ, ತಳಿ ಕೆಟ್ಟಿತಾ?

ಆಲೂರು ಹೊಂಡ:
ನಮ್ಮದು ಹಾಸನ ಜಿಲ್ಲೆ, ಆಲೂರು ಹತ್ತಿರ. ಕಾಫಿಗೆ ನೀರು ಹೊಡೆಯಲು ತೋಡಿಸಿದ ಅರ್ಧ ಎಕರೆ ಹೊಂಡ ಇದೆ. 2018ರ ಮಳೆಗಾಲದಲ್ಲಿ ಸಾವಿರ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮರಿ ಬಿಟ್ಟಿದ್ದೆ. ಮೊದಲ ವರ್ಷ ಒಂದೊಂದೂ ಕೆಜಿ ತೂಗಿತು. ಕಾಟ್ಲಾ, ರೋಹು ಥರ ಅಲ್ಲ, ಇದು ನಿಂತ ನೀರಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಆಮೇಲೆ ದುಡ್ಡು ಕೊಟ್ಟು ಮರಿ ತರಲೇ ಇಲ್ಲ. ಪ್ರತಿ ಬೇಸಿಗೆ ಬಲೆ ಎಳೆದು ದೊಡ್ಡವನ್ನು ಮಾರುವುದು, ಸಣ್ಣವನ್ನು ವಾಪಸ್ ಬಿಡುವುದು, ಅಷ್ಟೇ.

ಈ ಸಲ ಬಿದ್ದದ್ದೆಲ್ಲ ಕಾಲು ಕೆಜಿ. ಕುಯ್ದರೆ ಹೊಟ್ಟೆ ತುಂಬ ಮೊಟ್ಟೆ. ನಾಲ್ಕೈದು ಮೀನಿಗೆ ಒಂದು ಕಡೆ ಕಿವಿರಿನ ಮುಚ್ಚಳವೇ ಮೊಟಕು, ಒಳಗಿನ ಕೆಂಪು ಹಾಗೇ ಕಾಣುತ್ತದೆ. ತೌಡು, ಹಿಂಡಿ ಮೊದಲಿನಷ್ಟೇ ಹಾಕುತ್ತಿದ್ದೇನೆ. ಏನಾಗಿದೆ?

ಮೂಡಿಗೆರೆ ಕಾಫಿ:
ತಳಿ ಗಿಳಿ ಏನಿಲ್ಲ ಅಣ್ಣ. ತೌಡು ಮೊದಲಿನಷ್ಟೇ ಸರಿ, ತಿನ್ನುವ ಬಾಯಿ ಎಷ್ಟಾಗಿದೆ? ನಮ್ಮಲ್ಲೂ ಹೀಗೇ ಆಗಿತ್ತು. ಅರ್ಧಕ್ಕರ್ಧ ಹಿಡಿದು ಹಾಕಿದೆ, ಉಳಿದವು ಮೈ ತುಂಬಿಕೊಂಡವು.

ತಾಯಿಮೀನು:
ಇಕ್ಕಟ್ಟೂ ಇರಬಹುದು. ಆದರೆ ಮರಿ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನನಗೆ ನಿಮ್ಮ ಬಲೆಯ ಮೇಲೇ ಅನುಮಾನ. ಬೇಗ ಬೆಳೆದದ್ದು ಪ್ರತಿ ವರ್ಷ ಸಂತೆಗೆ ಹೋಯಿತು. ಬೆಳೆಯದೇ ಬೇಗ ಮೊಟ್ಟೆಗೆ ಬಂದದ್ದು ಹೊಂಡದಲ್ಲಿ ಉಳಿದು ಮರಿ ಮಾಡಿತು. ನೀವು ಗೊತ್ತಿಲ್ಲದೆ ಉಲ್ಟಾ ತಳಿ ಆಯ್ಕೆ ಮಾಡಿದ್ದೀರಿ. ಮೇಲಿಂದ ಅಣ್ಣತಂಗಿ ಸಂಬಂಧ ಬೇರೆ. ಹತ್ತು ಹೆಣ್ಣಿಗೆ ಒಂದೇ ಗಂಡು ಕೂಡಿದರೆ ಮರಿಗಳೆಲ್ಲ ಒಂದೇ ಅಪ್ಪನವು, ತಳಿಯ ಲೆಕ್ಕದಲ್ಲಿ ಆ ಹನ್ನೊಂದು ಮೀನು ನಾಲ್ಕು ಮೀನಿಗೂ ಸಮ ಅಲ್ಲ. ಮುಚ್ಚಳ ಮೊಟಕಾಗುವುದು ಮೇವಿನ ಕೊರತೆಯಿಂದಲೂ ಆಗುತ್ತದೆ, ಅದೊಂದನ್ನೇ ಹಿಡಿದು ಹೇಳಲು ಬರುವುದಿಲ್ಲ.

ಭುವನೇಶ್ವರದ ಸಿಹಿನೀರು ಮೀನು ಸಂಸ್ಥೆಯವರು ಮಾಡಿದ್ದು ಇದಕ್ಕೆ ತದ್ವಿರುದ್ಧ. 1992ರಲ್ಲಿ ನಾರ್ವೆಯವರ ಜೊತೆ ಸೇರಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರದಿಂದ ರೋಹು ತಂದು ಬೆರೆಸಿದರು. ಚೆನ್ನಾಗಿ ಬೆಳೆದ ಕುಟುಂಬಗಳನ್ನೇ (ಒಂದೇ ಜೋಡಿಯ ಮರಿಗಳು) ಮುಂದಿನ ಮರಿ ಮಾಡಲು ಇಟ್ಟರು. ತಲೆಮಾರಿಗೆ ಸುಮಾರು 17% ಬೆಳವಣಿಗೆ ಜಾಸ್ತಿಯಾಯಿತು. ಅದೇ ಜಯಂತಿ ರೋಹು. ಗೆಂಡೆಯಲ್ಲಿ ಹಂಗೇರಿಯಿಂದ ಬಂದ ಅಮುರ್ ತಳಿ ಇದೆ, ಹೆಸರಘಟ್ಟದಲ್ಲಿ ಪರೀಕ್ಷೆ ಮಾಡಿದ್ದು. ಬೇಗ ಬೆಳೆಯುತ್ತದೆ, ತಡವಾಗಿ ಮೊಟ್ಟೆಗೆ ಬರುತ್ತದೆ.

ನಮ್ಮಿಬ್ಬರಲ್ಲಿ ಯಾರು ಸರಿ ಅಂತ ನೋಡಬೇಕಾ? ಸಣ್ಣ ತೊಟ್ಟಿಯಲ್ಲಿ ನಿಮ್ಮ 50 ಮರಿ, ಅಮುರ್ 50 ಮರಿ, ಒಂದೇ ಅಳತೆಯವು, ಒಟ್ಟಿಗೆ ಬಿಡಿ. ನಿಮ್ಮವಕ್ಕೆ ಹೊಟ್ಟೆ ಕೆಳಗಿನ ಒಂದು ರೆಕ್ಕೆ ಬುಡಕ್ಕೆ ಕತ್ತರಿಸಿ. ತುದಿ ಮಾತ್ರ ಕತ್ತರಿಸಿದರೆ ಮತ್ತೆ ಬೆಳೆದುಬಿಡುತ್ತದೆ. ಆರು ತಿಂಗಳಿಗೆ ತೂಗಿ. ಎರಡೂ ಸಮ ಬೆಳೆದರೆ ಮೂಡಿಗೆರೆಯವರು ಗೆದ್ದರು.

ಮೂಡಿಗೆರೆ ಕಾಫಿ:
ಒಪ್ಪಿದೆ ಸರ್. ತಳಿಯೇ ಕೆಟ್ಟಿದ್ದರೆ ಹೊಂಡದಲ್ಲಿ ಇರುವುದನ್ನು ಏನು ಮಾಡುವುದು?

ತಾಯಿಮೀನು:
ಬೇಸಿಗೆಯಲ್ಲಿ ಪೂರ್ತಿ ಬತ್ತಿಸಬೇಕು. ಹತ್ತು ಉಳಿದರೂ ಹೊಸದರ ಜೊತೆ ಕೂಡುತ್ತವೆ. ಪಾಪ ಅಂತ ಹೇಮಾವತಿ ಕಡೆ ಹರಿಯುವ ಹಳ್ಳಕ್ಕೆ ಮಾತ್ರ ಬಿಡಬೇಡಿ, ಗೆಂಡೆ ನಮ್ಮ ಹೊಳೆಯ ಮೀನೇ ಅಲ್ಲ.

ಆಲೂರು ಹೊಂಡ:
ಇದನ್ನ ಮನೆಯವಳಿಗೆ ಓದಿ ಹೇಳಿದೆ. "ಭತ್ತಕ್ಕಾದ್ರೆ ದಪ್ಪ ತೆನೆ ನೋಡಿ ಬೀಜಕ್ಕೆ ಎತ್ತಿಡ್ತೀರಿ, ಮೀನಿಗೆ ಮಾತ್ರ ಜಳ್ಳು ಬಿಟ್ರಾ?" ಅಂದಳು. ಉತ್ತರ ಇರಲಿಲ್ಲ. ದನದ ಕೊಟ್ಟಿಗೆ ಹಿಂದಿನ ತೊಟ್ಟಿ ಕ್ಲೀನ್ ಮಾಡಿಸುತ್ತಿದ್ದೇನೆ, ಅಮುರ್ ಮರಿ ಸಿಕ್ಕ ಕೂಡಲೇ ಬಿಡುತ್ತೇನೆ. ಮುಚ್ಚಳ ಮೊಟಕಾದವು ನಿನ್ನೆಯೇ ಸಾರಿಗೆ ಹೋದವು.